ತುಳಸಿಕಟ್ಟೆಯ ಇಂಗ್ಲಿಷ್

ಆ ಬುಧವಾರ ಮಾಡಿದ ಕೆಲಸಗಳು: ನಳದ ನೀರು ಬರುವ ಹೊತ್ತಿಗೆ ಎದ್ದು ಒಂದು ಹಂಡೆ, ನಾಲ್ಕು ಕೊಡ ತುಂಬಿಸಿದ್ದು. ಹಾಲು ಕಾಯಿಸಿ ಹೆಪ್ಪು ಹಾಕಿದ್ದು. ಅವಲಕ್ಕಿಗೆ ಒಗ್ಗರಣೆ. ಡಬ್ಬಿಗೆ ಚಪಾತಿ, ಹೀರೇಕಾಯಿ ಪಲ್ಯ. ಒಣಗದ ಸೀರೆಯನ್ನು ಫ್ಯಾನಿನ ಕೆಳಗೆ ಹರವಿದ್ದು. ಒಂಬತ್ತನೆಯ ತರಗತಿಯ ಮೂವತ್ತು ನೋಟ್‌ಬುಕ್ ತಿದ್ದಿದ್ದು, ಎಂಟು ಉಳಿದದ್ದು. ಮಧ್ಯಾಹ್ನದ ಮೇಲೆ ಅರ್ಧ ದಿನದ ರಜೆ ಬರೆದುಕೊಟ್ಟದ್ದು. ಶಿಗ್ಗಾಂವಿಯ ಕಾಲೇಜಿಗೆ ಹೋಗಿ ಭಾವನವರೊಡನೆ ಜಗಳ ಮಾಡಿದ್ದು. ಬರುವಾಗ ಕೊತ್ತಂಬರಿ, ಹಸಿಮೆಣಸಿನಕಾಯಿ ತಂದದ್ದು.

ಮದುವೆಯಾಗಿ ಸವಣೂರಿಗೆ ಬಂದ ವರ್ಷದಿಂದ ಹೀಗೆ ದಿನದ ಕೆಲಸ ಬರೆದಿಡುವುದು ನನ್ನ ರೂಢಿ. ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ತೆಗೆದು ನೋಡಿದೆ. ಭಾವನವರೊಡನೆ ಜಗಳ ಎಂದು ಬರೆದ ಸಾಲು ಇದೊಂದೇ. ಅದಕ್ಕೆ ಮೊದಲು ನಮ್ಮ ನಡುವೆ ಪ್ರೀತಿ ಇತ್ತೆಂದು ಯಾರೂ ತಿಳಿಯಬಾರದು. ಜಗಳ ಆಡಬೇಕಾದರೆ ಮಾತಾಡಬೇಕು. ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಅಲ್ಲಿಯವರೆಗೆ ನನ್ನೊಡನೆ ಒಂದು ಮಾತನ್ನೂ ನೇರವಾಗಿ ಆಡಿದವರಲ್ಲ.

ತಮ್ಮನ ಹೆಂಡತಿಯೊಡನೆ ಮುಖಾಮುಖಿ ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿ ಹಿಂದಿನಿಂದಲೂ ಇಲ್ಲ. ಬೇರೆ ಮನೆಗಳು ಇದನ್ನು ಎಂದೋ ಬಿಟ್ಟವು. ಭಾವನವರು ಬಿಡಲಿಲ್ಲ, ಏಕೆಂದರೆ ಅದು ಅವರಿಗೆ ಅನುಕೂಲವಾಗಿತ್ತು. ನಾನು ಎರಡು ಮೊಳ ದೂರದಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದರೂ ಅವರು ತಮ್ಮ ಹೆಂಡತಿ, ನನ್ನ ವೈನಿಯ ಕಡೆ ತಿರುಗಿ, "ಸಕ್ಕರಿ ಕಡಿಮಿ ಆಗೇದ ಅಂತ ಹೇಳು" ಎನ್ನುವರು. ವೈನಿ ನನ್ನ ಕಡೆ ತಿರುಗಿ, "ಸಕ್ಕರಿ ಕಡಿಮಿ ಆಗೇದಂತ" ಎನ್ನುವರು. ನಾನು, "ನಿನ್ನೆ ಹೆಚ್ಚಾಗೇದ ಅಂದಿದ್ರು ಅಂತ ಹೇಳ್ರಿ ವೈನಿ" ಎನ್ನುವೆ. ಒಮ್ಮೆ ವೈನಿ ಬೇಸತ್ತು, "ಇಬ್ಬರಿಗೂ ಕಿವಿ ಅವ. ನಾ ಏನು ಮನ್ಯಾಗ ಅಂಚಿ ಆಫೀಸ್ ಇಟ್ಟೇನೇನು?" ಎಂದು ಎದ್ದುಹೋದರು. ಆ ದಿನ ಮಧ್ಯಾಹ್ನದವರೆಗೆ ಮನೆಯಲ್ಲಿ ಯಾವ ಸುದ್ದಿಯೂ ಹೋಗಲಿಲ್ಲ, ಬರಲಿಲ್ಲ.

ನನ್ನ ಗಂಡ ಹಿರೇಕೆರೂರಿನ ಕಚೇರಿಯಲ್ಲಿ ಕೆಲಸದಲ್ಲಿದ್ದಾರೆ, ಶನಿವಾರ ಬಂದು ಸೋಮವಾರ ನಸುಕಿಗೆ ಹೋಗುತ್ತಾರೆ. ಅವರು ಯಾರ ಪಕ್ಷ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ನಾನು ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಹಾನಗಲ್ ಕಡೆಯ ಒಂದು ಹಳ್ಳಿಗೆ ಹೋಗಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮಗೆ ಮಕ್ಕಳಿಲ್ಲ. ಅದನ್ನು ಇಲ್ಲಿ ಬರೆಯಬೇಕಾಗಿರಲಿಲ್ಲ, ಆದರೆ ಮುಂದೆ ಒಬ್ಬರು ಅದನ್ನು ಎತ್ತಿ ಆಡುವುದರಿಂದ ನಾನೇ ಮೊದಲು ಹೇಳಿಬಿಡುತ್ತೇನೆ.

ಮನೆಯಲ್ಲಿದ್ದ ಒಂದೇ ಮಗು ಭಾವನವರ ಮಗಳು. ನನ್ನನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದಳು, ವಿಜ್ಞಾನದಲ್ಲಿ ಸಾಲೆಗೇ ಮೊದಲು. ಜೂನ್ ತಿಂಗಳಲ್ಲಿ ಶಿಗ್ಗಾಂವಿಯ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದಳು. ಬೆಳಗಿನ ಬಸ್ಸಿನಲ್ಲಿ ಇಬ್ಬರೂ ಕೂಡಿ ಹೋಗುತ್ತಿದ್ದೆವು. ಮೊದಲ ವಾರ ಮಾತಾಡುತ್ತ ಬಂದಳು. ಎರಡನೆಯ ವಾರ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಏನಾಯಿತೆಂದು ಕೇಳಿದೆ.

"ಕಾಕು, ಅವರು ಹೇಳೋದೆಲ್ಲಾ ನಂಗ ಗೊತ್ತಿದ್ದದ್ದೇ ಅದ. ಆದ್ರ ಅದನ್ನೇ ಹೇಳ್ಲಿಕ್ಕತ್ತಾರಂತ ನಂಗ ಗೊತ್ತಾಗೂದಿಲ್ಲ."

ಇದಕ್ಕಿಂತ ಸರಿಯಾಗಿ ಈ ಕಷ್ಟವನ್ನು ಹೇಳಿದವರನ್ನು ನಾನು ಕಂಡಿಲ್ಲ. ಆಮ್ಲ, ದ್ರಾವಣ, ಪ್ರಕ್ಷೇಪ, ಬಾಷ್ಪೀಕರಣ, ಎಲ್ಲ ಅವಳಿಗೆ ಗೊತ್ತು. ಪರಿಚಿತರೆಲ್ಲ ಒಂದೇ ರಾತ್ರಿಯಲ್ಲಿ ಹೆಸರು ಬದಲಿಸಿಕೊಂಡು ಹೊಸ ಓಣಿಗೆ ಹೋಗಿ ಕುಳಿತಂತಾಗಿತ್ತು. ಉಪನ್ಯಾಸಕರು ಒಂದು ವಾಕ್ಯ ಹೇಳಿದರೆ ಇವಳು ಅದರ ಎರಡನೆಯ ಪದದಲ್ಲೇ ಸಿಕ್ಕಿಬೀಳುತ್ತಿದ್ದಳು, ಅಷ್ಟರಲ್ಲಿ ಅವರು ಬೋರ್ಡು ಒರೆಸಿ ಮುಂದೆ ಹೋಗಿರುತ್ತಿದ್ದರು. ಕಾಲೇಜಿನವರು ಮೊದಲ ಕಿರುಪರೀಕ್ಷೆಯ ಫಲಿತಾಂಶ ಬರುವ ವಾರದವರೆಗೆ ವಿಭಾಗ ಬದಲಿಸಿಕೊಳ್ಳಲು ಅವಕಾಶ ಕೊಟ್ಟಿದ್ದರು. ಕನ್ನಡ ಮಾಧ್ಯಮದಿಂದ ಬಂದ ಕೆಲವರು ಆಗಲೇ ಆರ್ಟ್ಸ್ ಕಡೆ ಹೋಗಿ ಕುಳಿತಿದ್ದರು.

ಈ ಸುದ್ದಿ ಭಾವನವರಿಗೆ ಮುಟ್ಟಿತು. ಅವರು ಹಾನಗಲ್ಲಿನ ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಅವರ ಅಪ್ಪ, ಅಜ್ಜ ಎಲ್ಲರೂ ಸಂಸ್ಕೃತದ ಕೋಶವನ್ನು ಪೂರ್ತಿ ಬಾಯಿಪಾಠ ಮಾಡಿದವರು. ಭಾವನವರು ಏಳು ವರ್ಷಕ್ಕೆ ಅದನ್ನು ಒಪ್ಪಿಸಿದ್ದರಂತೆ. ಅವರ ಲೆಕ್ಕದಲ್ಲಿ ಭಾಷೆ ಎಂದರೆ ಕೋಶ, ಕೋಶ ಎಂದರೆ ಕಂಠ.

"ಇಂಗ್ಲಿಷ್‌ಗೆ ಏನು ಕೋಡು ಮೂಡ್ಯಾವೇನು?" ಎಂದರು ವೈನಿಗೆ, ನನಗೆ ಕೇಳುವಂತೆ. "ಶಬ್ದ ಕಂಠಕ್ಕ ಬಂದ್ರ ಅರ್ಥ ತಾನೇ ಬಂದು ಬಾಗಿಲಾಗ ನಿಲ್ತದ. ಇಪ್ಪತ್ತು ವರ್ಷ ಸಾಲ್ಯಾಗ ಇಂಗ್ಲಿಷ್ ಕಲಿಸಿದವರು ಮನ್ಯಾಗ ಇದ್ದಾರ, ಹುಡುಗಿಗೆ ನಾಕು ಶಬ್ದ ಬರೂದಿಲ್ಲ."

"ಕಲಿಸ್ಲಿಕ್ಕೆ ನನಗ ಯಾರೂ ಹೇಳಿಲ್ಲಂತ ಹೇಳ್ರಿ ವೈನಿ."

"ಹೇಳೂದೂ ಇಲ್ಲ ಅಂತ ಹೇಳು."

ಒಂದು ವಾರ ಕುಳಿತು ಭಾವನವರು ಮಗಳ ಪಠ್ಯಪುಸ್ತಕಗಳಿಂದ ನಾಲ್ಕು ನೂರು ಪದಗಳನ್ನು ಆರಿಸಿದರು. ಒಂದು ಉದ್ದ ನೋಟ್‌ಬುಕ್ಕಿಗೆ ಕಂದು ರಟ್ಟು ಹಾಕಿ, ಮೊದಲ ಪುಟಕ್ಕೆ ಅರಿಷಿಣ ಕುಂಕುಮ ಹಚ್ಚಿ, ಶ್ರೀಕಾರ ಬರೆದು, ತಮ್ಮ ಮುತ್ತಿನಂಥ ಅಕ್ಷರದಲ್ಲಿ ಹಾಳೆಯ ಒಂದೇ ಮಗ್ಗುಲಿಗೆ ಪದ ಮತ್ತು ಅರ್ಥ ಬರೆದರು. ಅಕಾರಾದಿಯಾಗಿ ಅಲ್ಲ. ಸಂಸ್ಕೃತದ ಶ್ಲೋಕದಂತೆ ರಾಗವಾಗಿ ಹೇಳಲು ಬರುವಂತೆ ಜೋಡಿಸಿ, ನಾಲ್ಕು ನಾಲ್ಕು ಪದಕ್ಕೆ ಒಂದು ಸಾಲು. ಬೆಳಿಗ್ಗೆ ಅವರು ಮಡಿಯುಟ್ಟು ತುಳಸಿಕಟ್ಟೆಯ ಮುಂದೆ ಮಣೆ ಹಾಕಿ ಕೂರುವರು. ಹುಡುಗಿ ಸ್ನಾನ ಮಾಡಿ ಬಂದು ಎದುರು ಕೂರುವಳು.

"ಅಬ್ಸಾರ್ಬ್ ಹೀರು, ಎಮಿಟ್ ಸೂಸು, ಡಿಸಾಲ್ವ್ ಕರಗು, ಬಾಯ್ಲ್ ಕುದೀ..."

ಕೊನೆಯ ಪದದಲ್ಲಿ ದೀರ್ಘ ಎಳೆದು ಇಳಿಸುವುದು. ಅಪ್ಪ ಒಂದು ಸಲ, ಮಗಳು ಎರಡು ಸಲ. ಕೇಳಲು ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳುವುದೇ ನನಗೆ ಉರಿ. ರೊಟ್ಟಿ ತಟ್ಟುವಾಗ ನನ್ನ ಬಾಯಲ್ಲೂ ಅದೇ ರಾಗ ಬಂದುಬಿಡುತ್ತಿತ್ತು. ಹಿಡಿದು ನಿಲ್ಲಿಸಿಕೊಳ್ಳುತ್ತಿದ್ದೆ. ನಾಲ್ಕನೆಯ ದಿನದಿಂದ ಅವರು ಮಣೆಯ ಮೇಲೆ ಕೂತ ಕೂಡಲೇ ನಾನು ಮಿಕ್ಸರ್ ಹಾಕತೊಡಗಿದೆ. ಚಟ್ನಿಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

"ಮಿಕ್ಸರ್ ಸುಡ್ತದ ಅಂತ ಹೇಳು," ಎಂದು ಅಂಗಳದಿಂದ ಕೂಗಿದರು.

"ಸುಟ್ರ ನಾ ರಿಪೇರಿ ಮಾಡಿಸ್ತೇನಿ ಅಂತ ಹೇಳ್ರಿ."

ವೈನಿ ಇಬ್ಬರಿಗೂ ಹೇಳಲಿಲ್ಲ. ಹೂ ಕಟ್ಟುತ್ತ ಕುಳಿತಿದ್ದರು.

ನನ್ನದೂ ಒಂದು ಕ್ರಮ ಇತ್ತು. ಶಾಲೆಯಲ್ಲಿ ನಾನು ಮಕ್ಕಳಿಗೆ ಪದಗಳ ಪಟ್ಟಿ ಕೊಡುವುದಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ, ಹತ್ತು ಸಾಲು ಇಂಗ್ಲಿಷಿನಲ್ಲಿ ಬರೆಯಿರಿ ಎನ್ನುತ್ತೇನೆ. ಕಸ ಗುಡಿಸಿದೆ, ಎಮ್ಮೆಗೆ ನೀರು ಕುಡಿಸಿದೆ, ತಮ್ಮನ ಅಂಗಿಗೆ ಗುಂಡಿ ಹಚ್ಚಿದೆ. ಗೊತ್ತಿಲ್ಲದ ಪದಕ್ಕೆ ಜಾಗ ಬಿಟ್ಟು ಬರೆದು ತರುತ್ತಾರೆ, ಆ ಜಾಗವನ್ನು ನಾನು ತುಂಬಿಸಿಕೊಡುತ್ತೇನೆ. ತಾವೇ ಬಿಟ್ಟ ಜಾಗಕ್ಕೆ ಬಂದ ಪದವನ್ನು ಮಕ್ಕಳು ಸುಲಭಕ್ಕೆ ಮರೆಯುವುದಿಲ್ಲ. ಇದನ್ನೇ ಬಸ್ಸಿನಲ್ಲಿ ಇವಳಿಗೂ ಹಚ್ಚಿದೆ. ಅಪ್ಪನ ಬಾಯಿಪಾಠ ಮುಗಿಸಿ ಬಂದವಳಿಗೆ ಬಸ್ಸು ಹತ್ತಿದ ಕೂಡಲೇ ನನ್ನ ಹತ್ತು ಸಾಲು. ಎರಡು ವಾರ ಬರೆದಳು. ಆಮೇಲೆ ಒಂದು ದಿನ ನೋಟ್‌ಬುಕ್ ಮುಚ್ಚಿ ನನ್ನ ತೊಡೆಯ ಮೇಲಿಟ್ಟಳು.

"ಕಾಕು, ಕೆಮಿಸ್ಟ್ರಿ ಪೇಪರಿನಾಗ ಕಸಾ ಹೊಡೆಯೋದು ಕೇಳೂದಿಲ್ಲ."

ಹಿಂದಿನ ಸೀಟಿನಲ್ಲಿದ್ದ ಅವಳ ಗೆಳತಿ ನಕ್ಕಳು. ನನಗೆ ಸಿಟ್ಟು ಬಂತು. "ಹಂಗಾರ ಹೋಗು, ತುಳಸಿಗೇ ಕೇಳು," ಎಂದೆ.

ಬಾಯಿಪಾಠ ಮಾತ್ರ ಭರದಿಂದ ಸಾಗಿತ್ತು. ಜುಲೈ ಮುಗಿಯುವುದರೊಳಗೆ ಮುನ್ನೂರು ಪದ ಕಂಠಸ್ಥವಾದವು. ಆದರೆ ಕಾಲೇಜಿನಲ್ಲಿ ಏನಾಗುತ್ತಿತ್ತೆಂದು ಅವಳೇ ಒಂದು ಸಂಜೆ ಬಚ್ಚಲಲ್ಲಿ ಬಟ್ಟೆ ಹಿಂಡುತ್ತ ನನಗೆ ಹೇಳಿದಳು. ಪ್ರಯೋಗಾಲಯದಲ್ಲಿ ಮೇಡಂ ಒಂದು ಪದ ಹೇಳುತ್ತಾರೆ. ಅದು ಅಪ್ಪನ ನೋಟ್‌ಬುಕ್ಕಿನಲ್ಲಿ ಇದೆ ಎಂದು ಇವಳಿಗೆ ಗೊತ್ತು. ಎಲ್ಲಿ ಎಂದು ಗೊತ್ತಿಲ್ಲ. ಮೊದಲ ಸಾಲಿನಿಂದ ಹೇಳಿಕೊಳ್ಳುತ್ತ ಬಂದರೆ ಮಾತ್ರ ಸಿಗುತ್ತದೆ. ಅಬ್ಸಾರ್ಬ್ ಹೀರು ಎಂದು ಬಾಯೊಳಗೇ ಶುರು ಮಾಡಿ ಹದಿನಾರನೆಯ ಸಾಲಿಗೆ ಬರುವಷ್ಟರಲ್ಲಿ ಉಳಿದವರು ಗಾಜಿನ ನಳಿಗೆ ತೊಳೆದು ಬೋರಲಿಟ್ಟಿರುತ್ತಾರೆ. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ.

ಇದು ನಮ್ಮಂಥ ಮನೆಯಲ್ಲಿ ಮಾತ್ರ ಆಗುವ ತಪ್ಪು. ಸಂಸ್ಕೃತದ ಕೋಶವನ್ನು ಹೇಳುವವರಿಗೆ ಯಾರೂ ಅವಸರ ಮಾಡುವುದಿಲ್ಲ. ಸಾಲಿನಿಂದ ಸಾಲಿಗೆ ಹೋಗಲು ಅವರಿಗೆ ಇಡೀ ಆಯುಷ್ಯ ಇತ್ತು.

ನಾನು ಅವಳಿಗೆ ಅಲ್ಲೇ ಒಳ್ಳೆಯ ಮಾತು ಹೇಳಬಹುದಿತ್ತು. ಹೇಳಲಿಲ್ಲ. ಭಾವನವರ ಕ್ರಮದಲ್ಲಿ ತೂತು ಎಲ್ಲಿದೆ ಎಂದು ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಬಕೆಟ್ಟು ಎತ್ತಿಕೊಂಡು ಹೊರಗೆ ಬಂದೆ.

ಆ ಶನಿವಾರ ಹಾನಗಲ್ಲಿನಿಂದ ಭಾವನವರ ಜೊತೆ ಕೆಲಸ ಮಾಡಿದ ಹಳೆಯ ಮಾಸ್ತರರೊಬ್ಬರು ಬಂದರು. ನನ್ನ ಗಂಡನೂ ಹಿರೇಕೆರೂರಿನಿಂದ ಬಂದಿದ್ದರು. ಚಹಾ, ಸವಣೂರು ಖಾರ, ಬಾಳೆಹಣ್ಣು ಆಯಿತು. ಭಾವನವರು ಮಗಳನ್ನು ಕರೆದು ನಡುಮನೆಯಲ್ಲಿ ಕೂಡಿಸಿದರು. ಅವಳು ಕಣ್ಣು ಮುಚ್ಚಿ ಮೊದಲ ಸಾಲಿನಿಂದ ಹೇಳಿದಳು. ಒಂದು ಅಕ್ಷರ ತಪ್ಪಲಿಲ್ಲ. ಮಾಸ್ತರರು ತೊಡೆ ತಟ್ಟಿ, "ಶಾಬ್ಬಾಸ! ಇಂಗ್ಲಿಷ್‌ಗೂ ಜನಿವಾರ ಹಾಕಿಬಿಟ್ರಲ್ರೀ!" ಎಂದರು. ಭಾವನವರ ಮುಖ ಅರಳಿತು. ಅದೇ ಉಮೇದಿಯಲ್ಲಿ ಅವರು ಒಂದು ಮಾತು ಕೊಟ್ಟರು.

"ಕಿರುಪರೀಕ್ಷೆಯಾಗ ಕೆಮಿಸ್ಟ್ರಿ ಪಾಸಾದ್ಲಂದ್ರ ಇಕಿ ಸಾಯನ್ಸ್ ಓದ್ಲಿ, ನಾ ಬಾಯಿ ತೆಗೆಯೂದಿಲ್ಲ. ಫೇಲಾದ್ಲಂದ್ರ ಆರ್ಟ್ಸ್. ನಿಮ್ಮ ಮುಂದ ಹೇಳ್ಲಿಕ್ಕತ್ತೇನಿ."

ನಾನು ಖಾಲಿ ಬಟ್ಟಲು ಎತ್ತುತ್ತಿದ್ದೆ. ಎತ್ತಿಕೊಂಡು ಒಳಗೆ ಹೋಗಬಹುದಿತ್ತು. ನಿಂತು ಹುಡುಗಿಗೆ ಕೇಳಿದೆ: "ಪ್ರೆಸಿಪಿಟೇಟ್ ಅಂದ್ರ ಏನವ್ವಾ?"

ಅವಳು ನನ್ನ ಮುಖ ನೋಡಿದಳು. ತುಟಿ ಅಲ್ಲಾಡಿದವು. ಅಬ್ಸಾರ್ಬ್ ಹೀರು ಎಂದು ಅವಳು ತುದಿಯಿಂದ ಶುರು ಮಾಡಿದ್ದು ಎಲ್ಲರಿಗೂ ಕಂಡಿತು. ಮಾಸ್ತರರು ಕಾದರು. ಗೋಡೆಯ ಗಡಿಯಾರ ಕಾದಿತು. ನನ್ನ ಗಂಡ ಬಾಳೆಹಣ್ಣಿನ ಸಿಪ್ಪೆಯನ್ನು ಮಡಚುತ್ತ ಕುಳಿತರು.

"ರೈಲು ಯಲವಿಗಿ ಸ್ಟೇಷನ್ ಬಿಟ್ಟದ, ಇನ್ನ ಬರ್ತದ, ಬರ್ತದ," ಎಂದರು ಮಾಸ್ತರರು ನಗುತ್ತ. ಅವರು ಚೇಷ್ಟೆಗೆ ಅಂದದ್ದು. ಎಲ್ಲರೂ ನಕ್ಕರು, ವೈನಿಯೂ ನಕ್ಕರು. ನಾನು ನಗಲಿಲ್ಲ, ಆದರೆ ನಾನು ನಕ್ಕದ್ದಕ್ಕಿಂತ ಕೆಟ್ಟ ಕೆಲಸ ಮಾಡಿದ್ದೆ. ಹುಡುಗಿ ಎದ್ದು ಹಿತ್ತಿಲಿಗೆ ಹೋದಳು. ಭಾವನವರು ನನ್ನ ಕಡೆ ನೋಡದೆ ವೈನಿಗೆ ಹೇಳಿದರು: "ವಿಷ ಹಾಕೂದಿದ್ರ ಚಹಾದಾಗ ಹಾಕ್ರಿ, ಕೂಸಿಗೆ ಬ್ಯಾಡ ಅಂತ ಹೇಳು."

ವೈನಿ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಕೆಲಸಗಳ ಪಟ್ಟಿ ಬರೆದೆ. ಬಟ್ಟಲು ತೊಳೆದದ್ದು ಎಂದು ಬರೆದೆ. ಅಪ್ಪನಿಗೆ ಹೊಡೆಯಲು ಮಗಳನ್ನು ಕೈಗೆತ್ತಿಕೊಂಡದ್ದು ಎಂದು ಬರೆಯಲು ಕೈ ಬರಲಿಲ್ಲ. ಇವತ್ತು ಬರೆಯುತ್ತಿದ್ದೇನೆ.

ಸೋಮವಾರದಿಂದ ಅವಳು ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಎರಡು ಸೀಟು ಮುಂದೆ ಗೆಳತಿಯ ಪಕ್ಕ ಕೂತಳು. ಆ ಗೆಳತಿಯ ಮನೆಯವರದು ಸವಣೂರಿನ ಹೊರಗೆ ವೀಳ್ಯದೆಲೆ ಬಳ್ಳಿಯ ತೋಟ. ಒಂದೆರಡು ಸಲ ನಾನು ಸೀಟು ಹಿಡಿದಿಟ್ಟು ಕರೆದೆ. "ಇಲ್ಲೇ ಛಲೋ ಅದ ಕಾಕು," ಎಂದಳು. ಬೆಳಿಗ್ಗೆ ತುಳಸಿಕಟ್ಟೆಯ ಮುಂದೆಯೂ ಕೂತಳು, ಆದರೆ ಬಾಯಿ ಮಾತ್ರ ಅಲ್ಲಾಡುತ್ತಿತ್ತು. ರಾಗದಲ್ಲಿ ಮೊದಲಿನ ದೀರ್ಘ ಇರಲಿಲ್ಲ. ಭಾವನವರು ಅದನ್ನು ನನ್ನ ಮಿಕ್ಸರಿನ ಲೆಕ್ಕಕ್ಕೆ ಹಾಕಿದರು.

ಶ್ರಾವಣ ಹುಟ್ಟಿತು. ಒಂದು ದಿನ ಬಸ್ಸು ಗೊಟಗೋಡಿ ದಾಟುವಾಗ ಮುಂದಿನ ಸೀಟಿನಲ್ಲಿ ಇಬ್ಬರೂ ತಲೆ ಕೂಡಿಸಿ ಏನೋ ಮಾಡುತ್ತಿದ್ದುದು ಕಂಡಿತು. ಇಸ್ಪೀಟು ಎಂದುಕೊಂಡೆ. ಎದ್ದುಹೋಗಿ ನೋಡಿದರೆ ಬೆರಳಗಲದ ಕಾಗದದ ಚೀಟಿಗಳ ಕಟ್ಟು, ಬಾಳೆಯ ನಾರಿನಿಂದ ಕಟ್ಟಿದ್ದು. ಒಂದು ಮಗ್ಗುಲಿಗೆ ಇಂಗ್ಲಿಷ್ ಪದ. ಇನ್ನೊಂದು ಮಗ್ಗುಲಿಗೆ ಅರ್ಥ ಇರಲಿಲ್ಲ, ಪೆನ್ಸಿಲ್ಲಿನಲ್ಲಿ ಚಿತ್ರ: ತಳದಲ್ಲಿ ಬಿಳಿ ಗಸಿ ನಿಂತ ನಳಿಗೆ, ಆವಿ ಏಳುವ ಪಾತ್ರೆ, ನೀರಲ್ಲಿ ಮಾಯವಾಗುವ ಉಪ್ಪಿನ ಹರಳು. ಗೆಳತಿ ಒಂದು ಚೀಟಿ ಎತ್ತುವಳು, ಇವಳು ಹೇಳುವಳು. ಹೇಳಿದ್ದು ಕಟ್ಟಿನ ಕೆಳಗೆ ಹೋಗುವುದು. ಬಾರದ್ದು ಮೇಲೆಯೇ ಉಳಿಯುವುದು.

"ಇದೇನವ್ವಾ?" ಎಂದೆ.

ಇವಳು ಚೀಟಿಗಳನ್ನು ಕೂಡಿಸಿಕೊಂಡಳು. ಗೆಳತಿಯೇ ಹೇಳಿದಳು. "ನಾವು ಮನ್ಯಾಗ ಎಲಿ ತಿರುವಿದಂಗ ತಿರುವಾಕತ್ತೇವ್ರಿ ಮೇಡಂ. ಎಲಿ ಕಟ್ಟ ಕಟ್ಟಿ ಹಂಗ ಇಟ್ರ ಒಳಗಿಂದು ಕೊಳೀತಾವ್ರಿ. ನಮ್ಮವ್ವ ದಿನಾ ಕಟ್ಟ ಬಿಚ್ಚಿ, ಒಳಗಿಂದ ಮ್ಯಾಲ, ಮ್ಯಾಲಿಂದ ಒಳಗ ಹಾಕ್ತಾಳ. ಮೆತ್ತಗಾದದ್ದನ್ನ ಬ್ಯಾರೆ ತೆಗೀತಾಳ. ಇಕಿ ಒಂದಿನ ನಮ್ಮ ಮನಿಗೆ ಬಂದು ಅದನ್ನ ನೋಡಿಕೋಂತ ಕುಂತಿದ್ಲು. ಮರುದಿನಾ ಈ ಚೀಟಿ ತಂದ್ಲು ನೋಡ್ರಿ."

"ನೀನೂ ಇದನ್ನೇ ಮಾಡ್ತೀಯೇನು?"

"ನಾ ಆರ್ಟ್ಸ್‌ರೀ ಮೇಡಂ. ನಂಗೇನು ಬರೂದಿಲ್ಲ. ನಾ ಬರೇ ಎತ್ತಾಕೀ."

ನಾನು ನನ್ನ ಸೀಟಿಗೆ ಬಂದು ಕೂತೆ. ಚೀಟಿಗಳ ಮೇಲಿನ ಅಕ್ಷರದ ಗುರುತು ನನಗೆ ಆಗಲೇ ಸಿಕ್ಕಿತ್ತು. ದುಂಡಗೆ, ಸಾಲು ತಪ್ಪದ, ಮುತ್ತಿನಂಥ ಅಕ್ಷರ. ಹುಡುಗಿ ಹೊಸದಾಗಿ ಬರೆದದ್ದಲ್ಲ. ಅಪ್ಪನ ಕಂದು ರಟ್ಟಿನ ನೋಟ್‌ಬುಕ್ಕನ್ನೇ, ಅರ್ಥ ಬಿಟ್ಟು ಪದವಷ್ಟೇ ಉಳಿಯುವಂತೆ, ಕತ್ತರಿಸಿದ್ದಳು.

ಹೊರಗಿನವರಿಗೆ ಇದು ದೊಡ್ಡದೆನಿಸದು. ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಹುಳ ತಿಂದ ಹಳೆಯ ಹೊತ್ತಿಗೆಗಳನ್ನು ರದ್ದಿಗೆ ಹಾಕದೆ ಹೊಳೆಗೆ ಬಿಟ್ಟು ಬರುತ್ತಾರೆ. ಅಂಥದರಲ್ಲಿ ಶ್ರೀಕಾರ ಬರೆದ ಪುಸ್ತಕಕ್ಕೆ ಕತ್ತರಿ. ನಾನು ಅವಳಿಗೆ ಎಚ್ಚರಿಕೆ ಕೊಡಬೇಕಿತ್ತು. ಅಪ್ಪನ ಪುಸ್ತಕದ ಗತಿ ನೋಡಿ ನನ್ನೊಳಗೆ ಒಂದು ಸಂತೋಷ ಎದ್ದಿತ್ತು. ಸುಮ್ಮನಿದ್ದೆ.

ಕಿರುಪರೀಕ್ಷೆ ಶನಿವಾರ ಮುಗಿಯಿತು. ಮುನ್ನೂರು ಪದ ಅಪ್ಪನಿಗೂ ಕಂಠಸ್ಥವಾದ ಮೇಲೆ ನೋಟ್‌ಬುಕ್ಕನ್ನು ಯಾರೂ ತೆರೆದಿರಲಿಲ್ಲ. ಮಂಗಳವಾರ ಸಂಜೆ ಭಾವನವರು ಉಳಿದ ನೂರು ಪದ ಶುರು ಮಾಡೋಣವೆಂದು ನೋಟ್‌ಬುಕ್ ತೆಗೆದರು. ಕೈಗೆ ಕಂದು ರಟ್ಟು ಬಂತು. ಒಳಗೆ ಶ್ರೀಕಾರ ಬರೆದ ಒಂದು ಪುಟ ಮಾತ್ರ ಇತ್ತು. ಅದನ್ನು ಹುಡುಗಿ ಕತ್ತರಿಸದೆ ಬಿಟ್ಟಿದ್ದಳು.

ಅವರು ಕೂಗಾಡಲಿಲ್ಲ. ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆಮೇಲೆ ವೈನಿಯನ್ನು ಕರೆದರು.

"ಇದನ್ನ ಯಾರು ಮಾಡಿಸಿದ್ರು ಅಂತ ಕೇಳು."

"ಯಾರೂ ಮಾಡಿಸಿಲ್ಲಪ್ಪಾ. ನಾನೇ ಕತ್ತರಿಸೇನಿ," ಎಂದಳು ಹುಡುಗಿ ಬಾಗಿಲಲ್ಲಿ ನಿಂತು.

"ನಿನ್ನ ಬುದ್ಧಿ ಅಲ್ಲ ಇದು. ಇಂಥಾ ಬುದ್ಧಿ ಹುಟ್ಟೂ ಒಲಿ ಯಾವುದಂತ ನನಗ ಗೊತ್ತದ. ನಾಳೆ ಕಾಲೇಜಿಗೆ ನಾ ಬರ್ತೇನಿ. ಆರ್ಟ್ಸಿಗೆ ಅರ್ಜಿ ಕೊಡ್ತೇನಿ. ರಿಸಲ್ಟಿಗೆ ಕಾಯೋದು ಏನದ? ವಿದ್ಯಾಕ್ಕ ಕತ್ತರಿ ಹಾಕಿದವರಿಗೆ ವಿದ್ಯಾ ಯಾಕ?"

ಹುಡುಗಿ ನನ್ನ ಕಡೆ ನೋಡಿದಳು. ಹಾನಗಲ್ಲಿನ ಮಾಸ್ತರರು ಬಂದ ಆ ಶನಿವಾರದ ಚಹಾದ ನಂತರ ಅವಳು ನನ್ನನ್ನು ಪೂರ್ತಿ ನೋಡಿದ್ದು ಅದೇ ಮೊದಲು. ಅಳುತ್ತಿರಲಿಲ್ಲ. ವಿಜ್ಞಾನ ಹೋಗುತ್ತದೆ, ಅದೂ ನಾಳೆಯೇ ಹೋಗುತ್ತದೆ, ನೀವು ಮಾಡಿದ್ದು ಸಾಕು, ಈಗಲಾದರೂ ಏನಾದರೂ ಮಾಡುತ್ತೀರೋ ಇಲ್ಲವೋ ಎನ್ನುವ ನೋಟ.

ಬುಧವಾರ ಮಧ್ಯಾಹ್ನ ನಾನು ಕಾಲೇಜು ಮುಟ್ಟುವ ಹೊತ್ತಿಗೆ ಭಾವನವರು ಪ್ರಾಚಾರ್ಯರ ಕೋಣೆಯಲ್ಲಿ ಧೋತರ, ಕರಿ ಟೊಪ್ಪಿಗೆಯಲ್ಲಿ ನೆಟ್ಟಗೆ ಕೂತಿದ್ದರು. ಅರ್ಜಿ ಮೇಜಿನ ಮೇಲಿತ್ತು. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಪ್ರಾಚಾರ್ಯರು ನನ್ನನ್ನು ನೋಡಿ, "ನೀವು ಯಾರ್ರಿ?" ಎಂದರು.

"ಹುಡುಗಿಯ ಕಾಕು ರೀ. ಕೆಮಿಸ್ಟ್ರಿ ಮೇಡಂನ್ನ ಒಮ್ಮೆ ಕರಸ್ರಿ. ಆಮ್ಯಾಲೆ ಅರ್ಜಿ ತಗೊಳ್ರಿ."

ಭಾವನವರು ಸುತ್ತ ನೋಡಿದರು. ವೈನಿ ಇರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ನನ್ನ ಮುಖ ನೋಡಿ ಮಾತಾಡಿದರು.

"ಇಕಿ ನಿಮ್ಮ ಮಗಳಲ್ಲ."

ಅರ್ಜಿಯನ್ನು ಪ್ರಾಚಾರ್ಯರ ಕಡೆ ಸರಿಸಿದರು.

"ನಿಮಗ ಮಕ್ಕಳಿಲ್ಲ. ನಮ್ಮ ಕೂಸಿನ ಮ್ಯಾಲೆ ನಿಮ್ಮ ಸಾಲೀ ನಡಸ್ಲಿಕ್ಕೆ ಬಂದೀರಿ. ನಿಮ್ಮ ಮಿಕ್ಸರಿನ ಸದ್ದು ನನಗ ತಿಳಿಯೂದಿಲ್ಲ ಅಂತ ತಿಳಿದೀರೇನು?"

ನನ್ನ ಬಾಯಿಂದ ಬಂದದ್ದು ಅಳು ಅಲ್ಲ.

"ತಿಳೀಲಿ ಅಂತನ ಹಾಕ್ತಿದ್ದೆ. ಹಾನಗಲ್ ಮಾಸ್ತರ ಮುಂದ ಮಾತು ಕೊಟ್ಟೀರಿ. ಪಾಸಾದ್ರ ಬಾಯಿ ತೆಗೆಯೂದಿಲ್ಲ ಅಂದೀರಿ. ಪಾಸಾಗ್ಯಾಳೋ ಇಲ್ಲೋ ಕೇಳೋದಕ್ಕ ಯಾಕ ಅಂಜ್ತೀರಿ?"

"ಅಂಜ್ಕಿ?" ಎಂದು ಅವರು ಎದ್ದು ನಿಂತರು. "ಕರಸ್ರಿ ಸರ. ಕರಸ್ರಿ."

ಮೇಡಂ ಉತ್ತರ ಪತ್ರಿಕೆಗಳ ಕಟ್ಟಿನೊಡನೆ ಬಂದರು. ಯಲವಿಗಿ ಕಡೆಯವರು, ಮಾತು ದೊಡ್ಡದು. "ಈ ಹುಡಿಗೀನ್ರಿ? ಮೊದಲ ತಿಂಗಳ ಲ್ಯಾಬಿನಾಗ ಬಾಯಾಗ ಏನೋ ಮಣಮಣ ಅಂತಿದ್ಲು. ನಾ ದೇವರ ನಾಮ ಅನ್ಕೊಂಡಿದ್ದೆ. ಈಗ ಎರಡು ವಾರದಿಂದ ಕೇಳಿದ್ದಕ್ಕ ಹೇಳಾಕತ್ತಾಳ್ರಿ." ಪತ್ರಿಕೆ ತೆಗೆದು ಭಾವನವರ ಮುಂದಿಟ್ಟರು. ಪಾಸಿನ ಗೆರೆಗಿಂತ ಎರಡೇ ಅಂಕ ಮೇಲೆ.

ಭಾವನವರು ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಉತ್ತರಗಳಲ್ಲಿ ತಾವು ಆರಿಸಿದ ಪದಗಳು ಅಲ್ಲೊಂದು ಇಲ್ಲೊಂದು ಇದ್ದವು. ಒಂದೊಂದರ ಮೇಲೂ ಬೆರಳಿಟ್ಟರು. ಒಂದು ಕಡೆ ಬೆರಳು ನಿಂತಿತು.

"ಇದು ಯಾವ ಸಾಲಿನಾಗ ಬರ್ತದ?" ಎಂದು ಮಗಳನ್ನು ಕೇಳಿದರು.

"ಗೊತ್ತಿಲ್ಲಪ್ಪಾ."

"ಗೊತ್ತಿಲ್ಲ?"

"ಸಾಲು ನೆನಪಿಲ್ಲ. ಶಬ್ದ ನೆನಪದ."

ನನಗೆ ಆಗ ಗೆದ್ದಂತೆ ಅನಿಸಬೇಕಿತ್ತು. ಅವರ ಮುಖ ನೋಡಿದೆ. ಪಾಸಾಗಿದ್ದು ಅವರಿಗೆ ಕೇಳಿಸಿರಲಿಲ್ಲ, ಸಾಲು ಮರೆತದ್ದು ಕೇಳಿಸಿತ್ತು. ನನ್ನ ಹತ್ತು ಸಾಲುಗಳಲ್ಲಿ ಒಂದೂ ಆ ಪತ್ರಿಕೆಯಲ್ಲಿ ಇರಲಿಲ್ಲ, ಅದನ್ನೂ ನೋಡಿದೆ. ಪದಗಳು ಅವರವು, ತಿರುವಿದ ರೀತಿ ಎಲೆತೋಟದ ಆ ತಾಯಿಯದು, ಚಿತ್ರ ಹುಡುಗಿಯದು. ನನ್ನದು ಎನ್ನಲು ಅರ್ಧ ದಿನದ ರಜೆಯೊಂದೇ.

ಭಾವನವರು ಅರ್ಜಿಯನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟರು. "ಮಾತು ಕೊಟ್ಟೇನಿ. ಓದ್ಲಿ," ಎಂದರು ಪ್ರಾಚಾರ್ಯರಿಗೆ. ಹೊರಗೆ ಮೆಟ್ಟಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ನನಗೆ ಎರಡನೆಯ ಸಲ ಮಾತಾಡಿದರು.

"ಇವತ್ತಿನಿಂದ ನಿಮ್ಮ ಒಲಿ ಬ್ಯಾರೆ, ನಮ್ಮ ಒಲಿ ಬ್ಯಾರೆ. ತಮ್ಮಗ ನಾ ಹೇಳ್ತೇನಿ."

"ಹೇಳ್ರಿ. ನಾನೂ ಹೇಳ್ತೇನಿ."

ಅವರು ಬೇರೆ ಬಸ್ಸಿಗೆ ಹೋದರು. ಹುಡುಗಿ ಮಧ್ಯಾಹ್ನದ ತರಗತಿಗೆ ಹೋದಳು. ಹೋಗುವಾಗ ತಿರುಗಿ ನಿಂತು, "ಕಾಕು, ಇನ್ನ ಮ್ಯಾಲೆ ನನ್ನ ಪರವಾಗಿ ಯಾರೂ ಜಗಳಾಡಬ್ಯಾಡ್ರಿ. ಇಬ್ಬರಿಗೂ ಹೇಳ್ತೇನಿ," ಎಂದಳು. ನಾನು ತಲೆಯಾಡಿಸಿದೆ. ಅವಳನ್ನು ಕ್ಷಮೆ ಕೇಳಲು ಅದೇ ಹೊತ್ತಾಗಿತ್ತು. ಗಂಟೆ ಹೊಡೆಯಿತು, ಅವಳು ಓಡಿದಳು.

ಸಂಜೆ ಅಟ್ಟದ ಮೇಲಿನ ಹಳೆಯ ಒಂದು ಬರ್ನರಿನ ಒಲೆಯನ್ನು ವೈನಿ ತಾವೇ ಇಳಿಸಿ ಹಿತ್ತಿಲ ಪಡಸಾಲೆಯಲ್ಲಿ ಇಟ್ಟರು. ಸಿಟ್ಟು ಅವರಿಗೆ ನಮ್ಮಿಬ್ಬರ ಮೇಲೂ ಇತ್ತು. ಡಬ್ಬಿಗಳನ್ನು ನೆಲದ ಮೇಲೆ ಇಟ್ಟು ಎರಡು ಪಾಲು ಮಾಡಿದರು. "ಇಂಗಿನ ಡಬ್ಬಿ ಒಂದೇ ಅದ. ಅದನ್ನೂ ಕತ್ತರಿಸಲೇನು?" ಎಂದರು. ಇಂಗು ಅವರೇ ಇಟ್ಟುಕೊಳ್ಳಲಿ ಎಂದೆ. ಹಿರೇಕೆರೂರಿಗೆ ಫೋನ್ ಮಾಡಿ ಗಂಡನಿಗೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಹೌದಾ. ಶನಿವಾರ ಬರ್ತೇನಿ. ನಂದು ಊಟ ಯಾವ ಕಡೆ?" ಎಂದರು. ಫೋನ್ ಇಟ್ಟೆ.

ನನ್ನ ಒಲೆಯಲ್ಲಿ ಇಂಗಿಲ್ಲದ ಒಗ್ಗರಣೆಯ ತೊವ್ವೆ, ಅನ್ನ, ಹಸಿ ಸೌತೇಕಾಯಿ. ಅವರ ಒಲೆಯಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ. ಹುಡುಗಿ ಅಪ್ಪನ ಎದುರು ಕೂತು ಎರಡು ರೊಟ್ಟಿ ತಿಂದಳು. ಆಮೇಲೆ ಪಡಸಾಲೆಗೆ ಬಂದು ನನ್ನ ಪಾತ್ರೆಯಿಂದ ಎರಡು ತುತ್ತು ಅನ್ನ ತಿಂದಳು. ಕೈ ತೊಳೆದು ನಡುಮನೆಯಲ್ಲಿ ಚೀಟಿಗಳ ಕಟ್ಟು ಬಿಚ್ಚಿ ಕೂತವಳು ಅರ್ಧಕ್ಕೇ ಹಾಸಿಗೆಗೆ ಹೋದಳು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಅವಳು. ಆಮೇಲೆ ವೈನಿ. ಭಾವನವರ ಕೋಣೆಯ ದೀಪ ಇನ್ನೂ ಇತ್ತು, ನನ್ನದೂ ಇತ್ತು.